ಕರಡು ಮೊದಲು, ಅಚ್ಚು ಆಮೇಲೆ

38 ನಿಮಿಷ ಓಡಿದ ಬಿಲ್ಡ್ 19ನೆಯ ಮಾಡ್ಯೂಲಿಗೆ ಬಂದು ಬಿದ್ದುಹೋಯಿತು. ಪಟ್ಟಿಯಲ್ಲಿ ಮೇಲಿನ 18ರ ಮುಂದೆಯೂ ಸಕ್ಸೆಸ್, ಕೊನೆಯದರ ಮುಂದೆ ಫೇಲ್ಯೂರ್. ಪಕ್ಕದ ಸೀಟಿನ ಹುಡುಗಿ ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಲಾಗನ್ನು ಮೇಲೆ ಕೆಳಗೆ ಸರಿಸುತ್ತಾ ಕಾರಣ ಹುಡುಕಿದಳು. "ಟೆಸ್ಟ್ ಎಲ್ಲಾ ಪಾಸಾಗಿದೆ ಸರ್. ಒಂದು ಇಂಪೋರ್ಟ್ ಬಳಸದೆ ಉಳಿದುಬಿಟ್ಟಿದೆಯಂತೆ, ಅದಕ್ಕೇ ಫೇಲಾಗಿದೆ" ಎಂದಳು. ಆ ಸಾಲು ಅಳಿಸಲು ಎರಡು ಸೆಕೆಂಡು ಸಾಕಾಯಿತು. ಅಳಿಸಿದ್ದರಿಂದ ಸರಿಹೋಯಿತೇ ಎಂದು ತಿಳಿಯಲು ಮತ್ತೆ 38 ನಿಮಿಷ ಕಾಯಬೇಕಾಯಿತು. ಅಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಬೆಳಗಿನಿಂದ ಅವಳು ತಲೆಯಲ್ಲಿ ಹಿಡಿದಿಟ್ಟುಕೊಂಡಿದ್ದ ಸಮಸ್ಯೆಯ ಎಳೆ ಕೈತಪ್ಪಿತ್ತು.

ಜಾವಾದಲ್ಲಿ ದೊಡ್ಡ ಪ್ರಾಜೆಕ್ಟುಗಳನ್ನು ಕಟ್ಟುವವರಿಗೆಲ್ಲ ಈ ಅನುಭವ ಇರುತ್ತದೆ. ಹೆಸರಿಡುವ ಕ್ರಮ, ಸಾಲಿನ ಉದ್ದ, ಇಂಪೋರ್ಟುಗಳ ಜೋಡಣೆ, ಬ್ರಾಕೆಟ್ಟುಗಳ ಜಾಗ ಇಂಥವನ್ನೆಲ್ಲ ಯಂತ್ರದಿಂದಲೇ ನೋಡಿಸುವ ಪದ್ಧತಿ ನಮ್ಮಲ್ಲಿ ಬೇರೂರಿ ಬಹಳ ಕಾಲವಾಯಿತು. ಆಲಿವರ್ ಬರ್ನ್ 2001ರಲ್ಲಿ ಶುರುಮಾಡಿದ ಚೆಕ್‌ಸ್ಟೈಲ್ ಇವತ್ತಿಗೂ ಆ ಕೆಲಸಕ್ಕೆ ಮೊದಲು ನೆನಪಾಗುವ ಹೆಸರು. ಈ ತಪಾಸಣೆ ಬಿಲ್ಡಿನ ಆರಂಭದಲ್ಲೇ ನಡೆಯಬೇಕು ಎಂಬ ಸಲಹೆಯನ್ನೂ ಎಲ್ಲ ತಂಡಗಳಲ್ಲಿ ಕೇಳುತ್ತೇವೆ. ಸಲಹೆ ಸರಿಯಾಗಿದೆ. ಆದರೆ ಅದನ್ನು ಜಾರಿಗೆ ತರುವ ರೂಢಿಯ ವಿಧಾನ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ, ನಿಂತದ್ದು ಯಾರ ಗಮನಕ್ಕೂ ಬರುವುದಿಲ್ಲ.

ಬೇಗ ಏಕೆ ನೋಡಬೇಕು ಎನ್ನುವುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣವೇ ನನಗೆ ಒಪ್ಪಿಗೆಯಿಲ್ಲ. ತಪ್ಪು ತಡವಾಗಿ ಸಿಕ್ಕಷ್ಟೂ ತಿದ್ದುವ ಖರ್ಚು ಏರುತ್ತದೆ ಎಂದು ಬ್ಯಾರಿ ಬೋಹ್ಮ್ 1981ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಅಂದಿನಿಂದ ಯಾವ ತಪಾಸಣೆಗೂ ನಾವು ಆ ಮಾತನ್ನೇ ಆಧಾರವಾಗಿ ಹಿಡಿಯುತ್ತೇವೆ. ಬೇಡಿಕೆಯನ್ನೇ ತಪ್ಪಾಗಿ ಅರ್ಥಮಾಡಿಕೊಂಡು ಕಟ್ಟಿದ ವ್ಯವಸ್ಥೆಯ ವಿಷಯದಲ್ಲಿ ಆ ಮಾತಿಗೆ ತೂಕವಿದೆ. ಶೈಲಿಯ ತಪ್ಪಿಗೆ ಅದು ಹೊಂದುವುದಿಲ್ಲ. ಬಳಸದ ಇಂಪೋರ್ಟನ್ನು ಮೊದಲ ನಿಮಿಷದಲ್ಲಿ ಅಳಿಸಿದರೂ 38ನೆಯ ನಿಮಿಷದಲ್ಲಿ ಅಳಿಸಿದರೂ ಶ್ರಮ ಒಂದೇ. ನಡುವೆ ಹಾಳಾಗುವುದು ಕಾದ ಹೊತ್ತು, ಕಾಯುವಾಗ ಚದುರಿದ ಗಮನ. ತಪ್ಪು ಸಣ್ಣದಾದಷ್ಟೂ ಅದಕ್ಕಾಗಿ ಕಾಯಿಸುವುದು ಹೆಚ್ಚು ಅನ್ಯಾಯವಾಗುತ್ತದೆ. ನಿಜವಾದ ಕಾರಣ ಇದು: ಅತಿ ಸಣ್ಣ ತಪ್ಪಿನ ಸುದ್ದಿ ಅತಿ ಬೇಗ ಬರಬೇಕು, ಏಕೆಂದರೆ ಅದಕ್ಕೆ ಅತಿ ಕಡಿಮೆ ಕಾಯುವಿಕೆಯಷ್ಟೇ ತಕ್ಕದ್ದು.

ಇನ್ನೊಂದು ಕಾರಣ ಉಪಕರಣದ ಗುಣದಲ್ಲೇ ಇದೆ. ಚೆಕ್‌ಸ್ಟೈಲ್‌ಗೆ ಬೇಕಾಗಿರುವುದು ಕೋಡಿನ ಪಠ್ಯ ಮಾತ್ರ. ಒಂದು ಸಲಕ್ಕೆ ಒಂದೇ ಫೈಲನ್ನು ತೆಗೆದುಕೊಂಡು, ತನ್ನದೇ ವ್ಯಾಕರಣದಿಂದ ಅದನ್ನು ಬಿಡಿಸಿ, ನಿಯಮಗಳ ಎದುರು ಹಿಡಿದು ನೋಡುತ್ತದೆ. ಇನ್ನೊಂದು ಫೈಲಿನಲ್ಲಿ ಏನಿದೆ, ಈ ವೇರಿಯಬಲ್ಲಿನ ಟೈಪ್ ಏನು ಎಂಬುದು ಅದಕ್ಕೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಸ್ಪಾಟ್‌ಬಗ್ಸ್‌ನಂಥದ್ದು ಹಾಗಲ್ಲ, ಅದು ಓದುವುದು ಕಂಪೈಲ್ ಆದ ಬೈಟ್‌ಕೋಡನ್ನು, ಆದ್ದರಿಂದ ಕಂಪೈಲರ್ ಮುಗಿಸುವವರೆಗೆ ಅದು ಕಾಯಲೇಬೇಕು. ಕಾಯಬೇಕಾದ್ದು ಕಾಯಲಿ. ಕಾಯುವ ಅಗತ್ಯವೇ ಇಲ್ಲದ್ದನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸುವುದು ಅಕ್ಕಿ ಬೇಯಲಿಟ್ಟು ಆಮೇಲೆ ಕಲ್ಲು ಆರಿಸಲು ಕುಳಿತಂತೆ.

ಮೇವನ್ ಬಿಲ್ಡುಗಳಲ್ಲಿ ಆಗುವುದು ಹೀಗೆಯೇ. ಮೇವನ್ 3ರ ಮುಖ್ಯ ಜೀವನಚಕ್ರದಲ್ಲಿ 23 ಹಂತಗಳಿವೆ. ಮೊದಲನೆಯದು ವ್ಯಾಲಿಡೇಟ್. ಕಂಪೈಲ್ 7ನೆಯದು, ಟೆಸ್ಟ್ 15ನೆಯದು, ಪ್ಯಾಕೇಜ್ 17ನೆಯದು, ವೆರಿಫೈ 21ನೆಯದು. ಚೆಕ್‌ಸ್ಟೈಲ್ ಪ್ಲಗಿನ್‌ನ ಚೆಕ್ ಎಂಬ ಗುರಿಗೆ ನಾವಾಗಿ ಹಂತ ಹೇಳದಿದ್ದರೆ ಅದು ಹೋಗಿ ಕೂರುವುದು ವೆರಿಫೈಯಲ್ಲಿ. ಎಂದರೆ ಕಂಪೈಲ್ ಆಗಿ, ಟೆಸ್ಟುಗಳೆಲ್ಲ ಓಡಿ, ಜಾರ್ ಕಟ್ಟಿ, ಇಂಟಿಗ್ರೇಷನ್ ಟೆಸ್ಟೂ ಮುಗಿದ ಮೇಲೆ ಸಾಲಿನ ಉದ್ದ ಅಳೆಯುವ ಸರದಿ. ಗುಣಮಟ್ಟದ ಪರೀಕ್ಷೆಗಳೆಲ್ಲ ಒಂದೇ ಕಡೆ ಇರಲಿ ಎಂಬ ಯೋಚನೆ ಇದರ ಹಿಂದೆ ಇದ್ದೀತು. ಆದರೂ ಇದು ತಪ್ಪು ಆಯ್ಕೆ ಎಂದೇ ನನ್ನ ಅಭಿಪ್ರಾಯ. ಪೂರ್ವನಿಯೋಜಿತವಾಗಿ ಬಂದದ್ದನ್ನು ಹೆಚ್ಚಿನ ತಂಡಗಳು ಮುಟ್ಟುವುದೇ ಇಲ್ಲ.

ಮುಟ್ಟುವವರು ಮಾಡುವುದು ಒಂದೇ ತಿದ್ದುಪಡಿ: ಪಾಮ್ ಫೈಲಿನಲ್ಲಿ ಹಂತದ ಹೆಸರನ್ನು ವೆರಿಫೈಯಿಂದ ವ್ಯಾಲಿಡೇಟ್‌ಗೆ ಬದಲಿಸುವುದು. ಒಂದೇ ಮಾಡ್ಯೂಲಿನ ಪ್ರಾಜೆಕ್ಟಿಗೆ ಇಷ್ಟು ಸಾಕು. ಕಂಪೈಲರ್ ಕಣ್ಣು ಬಿಡುವ ಮೊದಲೇ ಶೈಲಿಯ ತೀರ್ಪು ಬಂದಿರುತ್ತದೆ. ಆದರೆ ಆ ಹುಡುಗಿಯ ಬಿಲ್ಡಿನಲ್ಲಿ ತಪಾಸಣೆ ವ್ಯಾಲಿಡೇಟ್‌ನಲ್ಲೇ ಇತ್ತು! ಪಾಮ್ ಫೈಲ್ ತೆರೆದು ನೋಡಿ ನಾನೂ ಮೊದಲು ಬೆರಗಾದೆ. ಮೊದಲ ಹಂತದಲ್ಲಿ ನಡೆಯಬೇಕಾದ್ದು 38ನೆಯ ನಿಮಿಷದಲ್ಲಿ ಹೇಗೆ ನಡೆಯಿತು?

ಉತ್ತರ ಇರುವುದು ರಿಯಾಕ್ಟರ್‌ನಲ್ಲಿ. ಅನೇಕ ಮಾಡ್ಯೂಲುಗಳಿರುವಾಗ ಯಾವುದು ಯಾವುದನ್ನು ಅವಲಂಬಿಸಿದೆ ಎಂದು ನೋಡಿ ಮೇವನ್‌ನ ಈ ಭಾಗ ಸರದಿ ಗೊತ್ತುಮಾಡುತ್ತದೆ. ಆಮೇಲೆ ಒಂದು ಮಾಡ್ಯೂಲನ್ನು ಹಿಡಿದರೆ ಕೇಳಿದ ಕೊನೆಯ ಹಂತದವರೆಗೆ ಒಯ್ದು ಮುಗಿಸಿಯೇ ಇನ್ನೊಂದನ್ನು ಮುಟ್ಟುವುದು. ಎಲ್ಲ ಮಾಡ್ಯೂಲುಗಳ ವ್ಯಾಲಿಡೇಟ್ ಮೊದಲು, ಎಲ್ಲದರ ಕಂಪೈಲ್ ಆಮೇಲೆ ಎಂಬ ಕ್ರಮ ಅಲ್ಲಿಲ್ಲ.

ಪುಸ್ತಕ ಅಚ್ಚು ಹಾಕಿಸಿದವರಿಗೆ ಇದು ತಟ್ಟನೆ ಅರ್ಥವಾದೀತು. 19 ಅಧ್ಯಾಯಗಳ ಪುಸ್ತಕ. ಮೊದಲ ಅಧ್ಯಾಯದ ಕರಡು ತಿದ್ದಿ, ಅಚ್ಚು ಹಾಕಿ, ಮಡಿಸಿ, ಹೊಲಿದು ಮೂಲೆಯಲ್ಲಿ ಪೇರಿಸಿದ ಮೇಲೆ ಎರಡನೆಯ ಅಧ್ಯಾಯದ ಕರಡನ್ನು ಕೈಗೆತ್ತಿಕೊಳ್ಳುವ ಒಂದು ಪ್ರೆಸ್ಸನ್ನು ಊಹಿಸಿಕೊಳ್ಳಿ. ಪ್ರತಿ ಅಧ್ಯಾಯದಲ್ಲೂ ಕರಡು ತಿದ್ದುವುದೇ ಮೊದಲ ಕೆಲಸ, ನಿಯಮ ಎಲ್ಲಿಯೂ ಮುರಿದಿಲ್ಲ. ಆದರೂ 19ನೆಯ ಅಧ್ಯಾಯದ ಮೊದಲ ಪುಟದ ಕಾಗುಣಿತದ ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ 18 ಅಧ್ಯಾಯಗಳ ಮಸಿ ಒಣಗಿರುತ್ತದೆ. ಕರಡು ತಿದ್ದುವವರು ಇಡೀ ಪುಸ್ತಕವನ್ನು ಒಮ್ಮೆ ಓದಿ ಮುಗಿಸಲಿ, ಆಮೇಲೆ ಯಂತ್ರ ತಿರುಗಲಿ ಎಂದು ಯಾವ ಪ್ರೆಸ್ಸಿನವರಾದರೂ ಹೇಳುತ್ತಾರೆ. ನಮ್ಮ ಬಿಲ್ಡುಗಳಿಗೆ ಬೇಕಾದದ್ದೂ ಅದೇ.

ಆದ್ದರಿಂದ ವ್ಯಾಲಿಡೇಟ್‌ಗೆ ಕಟ್ಟಿದರೆ ಕೆಲಸ ಮುಗಿಯಿತು ಎಂಬ ಪ್ರಚಲಿತ ಸೂತ್ರವನ್ನು ನಾನು ಅರ್ಧ ಸತ್ಯ ಎನ್ನುತ್ತೇನೆ. ಅದರಿಂದ ತಪಾಸಣೆ ಮಾಡ್ಯೂಲಿನ ಆರಂಭಕ್ಕೆ ಬಂದಿತೇ ಹೊರತು ಬಿಲ್ಡಿನ ಆರಂಭಕ್ಕೆ ಬರಲಿಲ್ಲ. ಯಾರನ್ನೂ ಅವಲಂಬಿಸದ ತಳದ ಮಾಡ್ಯೂಲುಗಳಲ್ಲಿ ಕೆಲಸ ಮಾಡುವವರಿಗೆ ಸುದ್ದಿ ಬೇಗ ಸಿಗುತ್ತದೆ. ಎಲ್ಲದರ ಮೇಲೆ ಕೂತ ವೆಬ್ ಮಾಡ್ಯೂಲಿನವರಿಗೆ ಯಾವಾಗಲೂ ತಡ. ಆ ಮಾಡ್ಯೂಲುಗಳನ್ನೇ ದಿನವೂ ಹೆಚ್ಚು ಜನ ಮುಟ್ಟುವುದನ್ನು ನಾನು ಕಂಡಿದ್ದೇನೆ. ಸಮಾನಾಂತರವಾಗಿ ಓಡಿಸುವ ಆಯ್ಕೆ ಕೊಟ್ಟರೆ ನೋವು ಸ್ವಲ್ಪ ಇಳಿಯುತ್ತದೆ, ಆದರೆ ಅವಲಂಬನೆಯ ಸರಪಳಿ ಉದ್ದವಿದ್ದಲ್ಲಿ ಕಾಯುವುದು ತಪ್ಪದು.

ಪರಿಹಾರ ಸರಳ. ಬಿಲ್ಡನ್ನು ಎರಡು ಸುತ್ತಾಗಿ ಓಡಿಸುವುದು. ಮೊದಲ ಸುತ್ತಿನಲ್ಲಿ ಮೇವನ್‌ಗೆ ವ್ಯಾಲಿಡೇಟ್ ಎಂದಷ್ಟೇ ಹೇಳಿದರೆ ಅದು 19 ಮಾಡ್ಯೂಲುಗಳನ್ನೂ ಸುತ್ತಿ, ಪ್ರತಿಯೊಂದರಲ್ಲೂ ಮೊದಲ ಹಂತ ಮಾತ್ರ ಮುಗಿಸಿ ಹಿಂದಿರುಗುತ್ತದೆ. ಎರಡನೆಯ ಸುತ್ತಿನಲ್ಲಿ ವೆರಿಫೈ, ತಪಾಸಣೆಯನ್ನು ಬಿಟ್ಟುಬಿಡುವ ಸ್ವಿಚ್ಚಿನೊಂದಿಗೆ, ಏಕೆಂದರೆ ಆ ಕೆಲಸ ಆಗಲೇ ಆಗಿದೆ. ನಮ್ಮಲ್ಲಿ ಮೊದಲ ಸುತ್ತು ಎರಡು ನಿಮಿಷದೊಳಗೆ ಮುಗಿಯುತ್ತಿತ್ತು. ಜೆಂಕಿನ್ಸ್‌ನಲ್ಲಾದರೆ ಇದೊಂದು ಪ್ರತ್ಯೇಕ ಸ್ಟೇಜ್, ಗಿಟ್‌ಹಬ್ ಆಕ್ಷನ್ಸ್‌ನಲ್ಲಾದರೆ ಪ್ರತ್ಯೇಕ ಜಾಬ್. ಗ್ರೇಡಲ್ ಬಳಸುವವರಿಗೆ ತೊಡಕು ಬೇರೆ: ಅಲ್ಲಿ ಚೆಕ್‌ಸ್ಟೈಲ್ ಟಾಸ್ಕ್ ಮೊದಲಿನಿಂದಲೇ ಕಂಪೈಲ್ ಆದ ಕ್ಲಾಸುಗಳನ್ನು ಅವಲಂಬಿಸಿರುತ್ತದೆ, ಆದ್ದರಿಂದ ಅದನ್ನಷ್ಟೇ ಕರೆದರೂ ಕಂಪೈಲರ್ ಎದ್ದು ಬರುತ್ತದೆ.

ಎರಡು ಸುತ್ತಿನ ಈ ಕ್ರಮವನ್ನು ಮೆಚ್ಚಿದಷ್ಟೇ ಅದರ ಕೊರತೆಯನ್ನೂ ಹೇಳಬೇಕು. ಒಂದು ಮಾಡ್ಯೂಲ್ ಬಿದ್ದ ಕೂಡಲೇ ಮೇವನ್ ನಿಂತುಬಿಡುತ್ತದೆ. ಬಿದ್ದರೂ ಕೊನೆಯವರೆಗೆ ಓಡು ಎಂಬ ಆಯ್ಕೆ ಕೊಟ್ಟರೆ ಮುಂದುವರಿಯುತ್ತದೆ ನಿಜ, ಆದರೆ ಬಿದ್ದ ಮಾಡ್ಯೂಲನ್ನು ಅವಲಂಬಿಸಿದ ಎಲ್ಲವನ್ನೂ ಸ್ಕಿಪ್ಡ್ ಎಂದು ಗುರುತು ಹಾಕಿ ಪಕ್ಕಕ್ಕಿಡುತ್ತದೆ. ಕಂಪೈಲ್ ವಿಷಯದಲ್ಲಿ ಇದು ಸರಿ. ತಳ ಕುಸಿದರೆ ಮೇಲಿನದನ್ನು ಕಟ್ಟಿ ಪ್ರಯೋಜನವಿಲ್ಲ. ಶೈಲಿಗೆ ಅಂಥ ಅವಲಂಬನೆಯೇ ಇಲ್ಲ. ಕೋರ್ ಮಾಡ್ಯೂಲಿನಲ್ಲಿ ಒಂದು ಸಾಲು ಉದ್ದವಾದರೆ ಅದರ ಮೇಲಿನ 12 ಮಾಡ್ಯೂಲುಗಳ ತಪ್ಪುಗಳು ಆ ದಿನ ಕಾಣಿಸುವುದೇ ಇಲ್ಲ. ಇಲ್ಲಿ ತಿದ್ದಿದರೆ ಅಲ್ಲಿ ಇನ್ನೊಂದು, ಅಲ್ಲಿ ತಿದ್ದಿದರೆ ಮತ್ತೆಲ್ಲೋ ಮಗದೊಂದು ತಲೆಯೆತ್ತುತ್ತದೆ.

ಅದಕ್ಕೆ ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ. ತಪಾಸಣೆಯನ್ನು ಬೇರಿನ ಪಾಮ್‌ನಲ್ಲಿ ಮಾತ್ರ ಇಟ್ಟು, ಮಕ್ಕಳಿಗೆ ಇಳಿಯದಂತೆ ತಡೆದು, ಎಲ್ಲ ಮಾಡ್ಯೂಲುಗಳ ಸೋರ್ಸ್ ಫೋಲ್ಡರುಗಳನ್ನೂ ಅಲ್ಲಿಗೇ ತೋರಿಸಿಕೊಡುವುದು. ಪೇರೆಂಟ್ ಪಾಮ್ ಮಕ್ಕಳಿಗಿಂತ ಮೊದಲು ಕಟ್ಟಲ್ಪಡುವುದರಿಂದ ತಪಾಸಣೆ ತಾನಾಗಿ ಎಲ್ಲಕ್ಕಿಂತ ಮೊದಲು ನಡೆಯುತ್ತದೆ, ಎರಡು ಸುತ್ತು ಬೇಕಿಲ್ಲ, ತಪ್ಪುಗಳೆಲ್ಲ ಒಂದೇ ಪಟ್ಟಿಯಲ್ಲಿ ಬರುತ್ತವೆ. ಓದುವವರ ಕಡೆಯಿಂದ ನೋಡಿದರೆ ಇದೇ ಉತ್ತಮ. ಆದರೆ ಫೋಲ್ಡರುಗಳನ್ನು ಒಂದೊಂದಾಗಿ ಹೆಸರಿಸಿದ್ದರೆ, ನಾಳೆ ಹೊಸ ಮಾಡ್ಯೂಲ್ ಸೇರಿಸಿದವರು ಆ ಪಟ್ಟಿಗೆ ಒಂದು ಸಾಲು ಸೇರಿಸಲು ಮರೆತರೆ, ಆ ಮಾಡ್ಯೂಲ್ ಯಾರೂ ನೋಡದೆ ಹಸಿರು ದೀಪದಡಿ ಹಾದುಹೋಗುತ್ತದೆ. ತಡವಾಗಿ ಬರುವ ತಪಾಸಣೆಗಿಂತ ನಡೆಯದೇ ನಡೆದಂತೆ ಕಾಣುವ ತಪಾಸಣೆ ಕೆಟ್ಟದ್ದು. ಹಾಗಾಗಿ ನಾನು ಇಂದಿಗೂ ಎರಡು ಸುತ್ತಿನ ಕಡೆಗೇ ವಾಲುತ್ತೇನೆ.

ಇನ್ನು ನಿಯಮಗಳ ಫೈಲ್ ಎಲ್ಲಿರಬೇಕು ಎಂಬ ಪ್ರಶ್ನೆ. ಕೇಳಲು ಕ್ಷುಲ್ಲಕ, ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಇದೇ. ನಿಯಮಗಳನ್ನು ಒಂದು ಪುಟ್ಟ ಮಾಡ್ಯೂಲಿನಲ್ಲಿಟ್ಟು, ಅದನ್ನು ಜಾರ್ ಮಾಡಿ, ಪ್ಲಗಿನ್‌ಗೆ ಅವಲಂಬನೆಯಾಗಿ ಕೊಡುವುದು ಪ್ಲಗಿನ್‌ನ ದಾಖಲೆಗಳೇ ತೋರಿಸುವ ಮಾರ್ಗ. ವೆರಿಫೈವರೆಗೆ ಓಡುವ ಬಿಲ್ಡಿನಲ್ಲಿ ತೊಂದರೆಯಿಲ್ಲ, ನಿಯಮಗಳ ಮಾಡ್ಯೂಲ್ ಮೊದಲು ಪ್ಯಾಕೇಜ್ ಆಗಿರುತ್ತದೆ. ಆದರೆ ವ್ಯಾಲಿಡೇಟ್‌ಗೇ ನಿಲ್ಲುವ ಸುತ್ತಿನಲ್ಲಿ ಆ ಜಾರ್ ಹುಟ್ಟಿಯೇ ಇರುವುದಿಲ್ಲ. ನಮ್ಮ ಲ್ಯಾಪ್‌ಟಾಪುಗಳಲ್ಲಿ ಎಲ್ಲ ಸರಿಯಾಗಿ ಓಡಿತು. ಹಿಂದೆಂದೋ ಇನ್‌ಸ್ಟಾಲ್ ಮಾಡಿದ ಹಳೆಯ ಜಾರ್ ಲೋಕಲ್ ರೆಪಾಸಿಟರಿಯಲ್ಲಿ ಕುಳಿತಿತ್ತು, ಮೇವನ್ ಅದನ್ನೇ ಎತ್ತಿಕೊಂಡಿತು. ಸರ್ವರಿನ ಖಾಲಿ ಯಂತ್ರದಲ್ಲಿ ಮೊದಲ ಸುತ್ತೇ ಮಕಾಡೆ ಮಲಗಿತು. ಸರ್ವರ್ ಬಿದ್ದದ್ದರಿಂದ ತಿಳಿಯಿತು ಎಂಬುದೇ ಸಮಾಧಾನ, ಏಕೆಂದರೆ ನಮ್ಮಲ್ಲಿ ಕೆಲವರು ಮೂರು ತಿಂಗಳ ಹಿಂದಿನ ನಿಯಮಗಳಿಂದ ತಮ್ಮ ಕೋಡನ್ನು ಅಳೆದುಕೊಳ್ಳುತ್ತಿದ್ದರು.

ನಿಯಮಗಳ ಫೈಲನ್ನು ಜಾರ್‌ನಿಂದ ಹೊರತೆಗೆದು ರೆಪಾಸಿಟರಿಯ ಬೇರಿನಲ್ಲಿ ಒಂದು ಸಾದಾ ಎಕ್ಸ್‌ಎಂಎಲ್ ಆಗಿ ಇಟ್ಟು, ಅದರ ಹಾದಿಯನ್ನು ತೋರಿಸಿದರೆ ಈ ಗಂಟು ಬಿಡುತ್ತದೆ. 2015ರಲ್ಲಿ ಬಂದ ಮೇವನ್ 3.3.1ರಿಂದ ಬೇರಿನ ಫೋಲ್ಡರ್ ಯಾವುದೆಂದು ಗುರುತಿಸುವ ವ್ಯವಸ್ಥೆ ಇದೆ: ಬೇರಿನಲ್ಲಿ ಚುಕ್ಕೆಯಿಂದ ಶುರುವಾಗುವ ಎಂವಿಎನ್ ಎಂಬ ಫೋಲ್ಡರ್ ಇದ್ದರೆ, ಎಷ್ಟೇ ಆಳದ ಮಾಡ್ಯೂಲಿನಲ್ಲಿ ನಿಂತು ಕರೆದರೂ ಮೇವನ್ ಬೇರನ್ನು ಹುಡುಕಿಕೊಳ್ಳುತ್ತದೆ. ಒಂದೇ ರೆಪಾಸಿಟರಿಯ ಪ್ರಾಜೆಕ್ಟಿಗೆ ನಿಯಮಗಳ ಜಾರ್ ಬೇಕಾಗಿಯೇ ಇಲ್ಲ ಎಂಬುದು ನನ್ನ ಅನಿಸಿಕೆ. ಹತ್ತಾರು ರೆಪಾಸಿಟರಿಗಳು ಒಂದೇ ನಿಯಮ ಹಂಚಿಕೊಳ್ಳುವುದಾದರೆ ಆ ಜಾರನ್ನು ಪ್ರತ್ಯೇಕವಾಗಿ ಬಿಡುಗಡೆ ಮಾಡಿ, ಆವೃತ್ತಿ ಸಂಖ್ಯೆ ಕೊಟ್ಟು ಬಳಸಲಿ.

ಮೊದಲೇ ನಿಲ್ಲಿಸಿದ ಕಾವಲುಗಾರ ನಿಜಕ್ಕೂ ಎಚ್ಚರವಾಗಿದ್ದಾನೆಯೇ ಎಂದು ನೋಡಿಕೊಳ್ಳದೆ ಹೋದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಗೂಗಲ್ ಶೈಲಿಯ ನಿಯಮಗಳ ಫೈಲ್ ಚೆಕ್‌ಸ್ಟೈಲ್ ಜೊತೆಗೇ ಬರುತ್ತದೆ, ಬಹಳ ತಂಡಗಳು ಅದನ್ನೇ ಹಾಗೆಯೇ ಬಳಸುತ್ತವೆ. ಅದರಲ್ಲಿ ಎಲ್ಲ ನಿಯಮಗಳ ತೀವ್ರತೆ ವಾರ್ನಿಂಗ್. ಪ್ಲಗಿನ್ ಬಿಲ್ಡನ್ನು ತಡೆಯುವುದು ಎರರ್ ಮಟ್ಟದ ತಪ್ಪಿಗೆ ಮಾತ್ರ. ಎರಡನ್ನೂ ಹೊಂದಿಸದಿದ್ದರೆ ಲಾಗಿನಲ್ಲಿ ನೂರಾರು ಎಚ್ಚರಿಕೆಗಳು ಹರಿದುಹೋಗುತ್ತವೆ, ಬಿಲ್ಡ್ ಹಸಿರಾಗಿಯೇ ಇರುತ್ತದೆ. ಟೆಸ್ಟ್ ಕೋಡನ್ನು ನೋಡು ಎಂದು ಬಿಡಿಸಿ ಹೇಳದಿದ್ದರೆ ಪ್ಲಗಿನ್ ಅದನ್ನೂ ನೋಡುವುದಿಲ್ಲ. ನಿಯಮಗಳ ವಿವರವನ್ನು ಎಕ್ಸಿಕ್ಯೂಷನ್ ಒಳಗೆ ಬರೆದಿಟ್ಟವರು ಕಮಾಂಡ್ ಲೈನಿನಿಂದ ನೇರ ಚೆಕ್ ಕರೆದರೆ ಇನ್ನೊಂದು ಗಾಬರಿ ಕಾದಿರುತ್ತದೆ: ಅಲ್ಲಿ ಆ ವಿವರ ಅನ್ವಯಿಸುವುದಿಲ್ಲ, ಸನ್ ಕಂಪನಿಯ ಹಳೆಯ ನಿಯಮಗಳು ಜಾರಿಗೆ ಬರುತ್ತವೆ. 80 ಅಕ್ಷರ ಮೀರಿದ ಸಾಲು, ಫೈನಲ್ ಅಲ್ಲದ ಪ್ಯಾರಾಮೀಟರ್, ಹೆಸರಿಲ್ಲದ ಸಂಖ್ಯೆ ಎಲ್ಲವೂ ತಪ್ಪಾಗಿ ಪರದೆ ತುಂಬುತ್ತದೆ. ಹೊಸಬರು ಇದನ್ನು ಕಂಡು ಇಡೀ ಪದ್ಧತಿಯ ಮೇಲೆ ನಂಬಿಕೆ ಕಳೆದುಕೊಂಡದ್ದನ್ನು ನೋಡಿದ್ದೇನೆ.

ಬೇಗ ನೋಡುವುದಕ್ಕೆ ಗಂಭೀರವಾದ ಆಕ್ಷೇಪವೂ ಒಂದಿದೆ, ಅದನ್ನು ನಾನು ಗೌರವಿಸುತ್ತೇನೆ. ಒಬ್ಬ ಎಂಜಿನಿಯರ್ ಒಂದು ದೋಷದ ಬೆನ್ನು ಹತ್ತಿದ್ದಾರೆ. ಅಲ್ಲೊಂದು ಸಾಲು ಕಾಮೆಂಟ್ ಮಾಡಿ, ಇಲ್ಲೊಂದು ಪ್ರಿಂಟ್ ಹಾಕಿ, ಟೆಸ್ಟ್ ಏನು ಹೇಳುತ್ತದೆ ನೋಡಬೇಕೆನ್ನುತ್ತಾರೆ. ಅಷ್ಟರಲ್ಲಿ ಬಿಲ್ಡ್ ಅಡ್ಡ ನಿಂತು, ಆ ಕಾಮೆಂಟ್ ಮಾಡಿದ ಸಾಲಿನಿಂದಾಗಿ ಒಂದು ಇಂಪೋರ್ಟ್ ಬಳಕೆಯಾಗಿಲ್ಲ, ಟೆಸ್ಟ್ ಓಡಿಸುವುದಿಲ್ಲ ಎನ್ನುತ್ತದೆ. ಯೋಚನೆಯ ನಡುವೆ ಇರುವವರನ್ನು ಹೀಗೆ ತಡೆಯುವುದು ತಪ್ಪು. ಇನ್ನೊಂದು ತೊಡಕು: ಕೋಡಿನಲ್ಲಿ ವ್ಯಾಕರಣದ ದೋಷವೇ ಇದ್ದರೆ, ಬ್ರಾಕೆಟ್ ಮುಚ್ಚುವುದು ಬಿಟ್ಟುಹೋಗಿದ್ದರೆ, ಕಂಪೈಲರ್ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಅದಕ್ಕಿಂತ ಮೊದಲು ಓಡುವ ಚೆಕ್‌ಸ್ಟೈಲ್ ಆ ಫೈಲನ್ನು ಬಿಡಿಸಲಾರದೆ ತನ್ನದೇ ಭಾಷೆಯಲ್ಲಿ ಗೊಣಗುತ್ತದೆ, ಕಂಪೈಲ್ ಆಗುವ ಕೋಡನ್ನಷ್ಟೇ ತನಗೆ ಕೊಡಬೇಕೆಂಬುದು ಅದರ ಷರತ್ತು. ಇಂಥ ಕಿರಿಕಿರಿ ನಾಲ್ಕು ಸಲ ಆದರೆ ಜನ ಸ್ಕಿಪ್ ಸ್ವಿಚ್ಚನ್ನು ಬೆರಳತುದಿಯಲ್ಲಿ ಕಲಿಯುತ್ತಾರೆ. ಆಮೇಲೆ ಅದು ಅವರ ಬೆರಳನ್ನು ಬಿಡುವುದಿಲ್ಲ.

ಆದ್ದರಿಂದ ಎಲ್ಲಿ ತಡೆಯಬೇಕು, ಎಲ್ಲಿ ತಿಳಿಸಿದರೆ ಸಾಕು ಎಂಬುದನ್ನು ಬೇರೆ ಮಾಡಿಕೊಳ್ಳಬೇಕು. ಸ್ವಂತ ಯಂತ್ರದಲ್ಲಿ ಟೆಸ್ಟ್ ಓಡಿಸುವಾಗ ಶೈಲಿ ಅಡ್ಡ ಬರಬಾರದು. ಎಲ್ಲರ ಕೋಡು ಒಂದಾಗುವ ಸರ್ವರಿನಲ್ಲಿ ಅದು ಮೊದಲ ಬಾಗಿಲಾಗಬೇಕು, ಆ ಬಾಗಿಲಿಗೆ ವಿನಾಯಿತಿ ಇರಬಾರದು. ಇನ್ನು ತಪಾಸಣೆಯ ಹೊರೆಯನ್ನೇ ಇಳಿಸುವ ಉಪಾಯವಿದೆ. ಖಾಲಿ ಜಾಗ, ಸಾಲು ಮುರಿಯುವ ಕ್ರಮ, ಇಂಪೋರ್ಟುಗಳ ಜೋಡಣೆ ಇವನ್ನು ಯಂತ್ರ ನೋಡಬಲ್ಲದು ಎಂದರೆ ತಿದ್ದಲೂ ಬಲ್ಲದು. 2009ರಲ್ಲಿ ಪ್ರಕಟವಾದ ಗೋ ಭಾಷೆ ತನ್ನ ಜೊತೆಗೇ ಗೋಫಂಟ್ ಎಂಬ ಸಾಧನವನ್ನು ತಂದಿತು, ಅಲ್ಲಿ ಇಂಥ ವಾದಗಳಿಗೆ ಆಸ್ಪದವೇ ಉಳಿಯಲಿಲ್ಲ. ಜಾವಾದಲ್ಲಿ ಸ್ಪಾಟ್‌ಲೆಸ್ ಪ್ಲಗಿನ್ ಗೂಗಲ್‌ನ ಫಾರ್ಮ್ಯಾಟರನ್ನು ಕರೆದು ಅದೇ ಕೆಲಸ ಮಾಡುತ್ತದೆ. ಅಪಾಚೆ ಫ್ಲಿಂಕ್‌ನಂಥ ಬೃಹತ್ ಬಹುಮಾಡ್ಯೂಲ್ ಪ್ರಾಜೆಕ್ಟಿನ ಪಾಮ್ ತೆರೆದರೆ ಸ್ಪಾಟ್‌ಲೆಸ್ ಮತ್ತು ಚೆಕ್‌ಸ್ಟೈಲ್ ಎರಡೂ ವ್ಯಾಲಿಡೇಟ್‌ಗೆ ಕಟ್ಟಿರುವುದು ಕಾಣುತ್ತದೆ. ಫಾರ್ಮ್ಯಾಟರ್‌ಗೆ ಒಂದು ಆಜ್ಞೆ ಕೊಟ್ಟರೆ ಕೋಡು ತಾನೇ ನೇರವಾಗುತ್ತದೆ. ಅದರ ಕೈಗೆ ನಿಲುಕದ್ದು, ಹೆಸರುಗಳು, ನಿಷಿದ್ಧ ಇಂಪೋರ್ಟುಗಳು, ಬಿಟ್ಟುಹೋದ ವಿವರಣೆ, ಚೆಕ್‌ಸ್ಟೈಲ್ ಪಾಲಿಗೆ ಉಳಿಯುತ್ತದೆ. ಈ ಹಂಚಿಕೆ ನನಗೆ ಬಹಳ ಹಿಡಿಸಿದೆ. ಮನುಷ್ಯರು ಯೋಚಿಸಿ ತಿದ್ದಬೇಕಾದ್ದನ್ನು ಮಾತ್ರ ಮನುಷ್ಯರ ಮುಂದೆ ಇಡುವುದೇ ಅವರಿಗೆ ಕೊಡುವ ಮರ್ಯಾದೆ.

ನಮ್ಮ ಪ್ರಾಜೆಕ್ಟಿನಲ್ಲಿ ಎರಡು ಸುತ್ತಿನ ಬದಲಾವಣೆಯನ್ನು ಮಾಡಿದ್ದು ಆ ಹುಡುಗಿಯೇ. ನಿಯಮಗಳ ಫೈಲನ್ನು ಬೇರಿಗೆ ತಂದಳು, ವಾರ್ನಿಂಗ್ ಆಗಿಯೇ ಉಳಿದಿದ್ದ ನಿಯಮಗಳ ತೀವ್ರತೆಯನ್ನೂ ಎರರ್‌ಗೆ ಏರಿಸಿದಳು, ಸರ್ವರಿನಲ್ಲಿ ಮೊದಲ ಸ್ಟೇಜ್ ಸೇರಿಸಿದಳು. ನಿಜವಾಗಿ ತಡೆಯುತ್ತದೆಯೇ ಎಂದು ನೋಡಲು 19ನೆಯ ಮಾಡ್ಯೂಲಿನಲ್ಲಿ ಬೇಕೆಂದೇ ಒಂದು ಇಂಪೋರ್ಟನ್ನು ಹೆಚ್ಚಿಗೆ ಬರೆದು ಕಳಿಸಿದಳು. ಕುರ್ಚಿಯಿಂದ ಏಳುವ ಮೊದಲೇ ಕೆಂಪು ದೀಪ ಹತ್ತಿತು. "ಬಂತು ಸರ್, ಫೈಲು, ಸಾಲು ಎರಡೂ ಹೇಳ್ತಾ ಇದೆ" ಎಂದು ಪರದೆ ನನ್ನ ಕಡೆ ತಿರುಗಿಸಿದಳು. ಮರುವಾರ ಟೆಸ್ಟ್ ಕೋಡನ್ನೂ ತಪಾಸಣೆಗೆ ಸೇರಿಸಿದಾಗ ಎಷ್ಟೋ ವರ್ಷಗಳಿಂದ ಯಾರೂ ನೋಡದ ತಪ್ಪುಗಳು ರಾಶಿಯಾಗಿ ಹೊರಬಿದ್ದವು. ಅವನ್ನು ಒಂದೇ ಏಟಿಗೆ ತಿದ್ದಹೊರಟರೆ ಎಲ್ಲರ ಬ್ರಾಂಚುಗಳೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತಿದ್ದವು. ಸದ್ಯಕ್ಕೆ ಅವನ್ನೆಲ್ಲ ಸಪ್ರೆಷನ್ ಪಟ್ಟಿಯಲ್ಲಿ ಬರೆದಿಟ್ಟು, ಪ್ರತಿ ಶುಕ್ರವಾರ ಮಧ್ಯಾಹ್ನ ಒಂದು ಮಾಡ್ಯೂಲನ್ನು ಪಟ್ಟಿಯಿಂದ ತೆಗೆಯುತ್ತಿದ್ದೇವೆ. ತಳದ ಮಾಡ್ಯೂಲಿನಿಂದ ಹಿಡಿದು ಆರು ಮುಗಿದಿವೆ.